ಪೂರೈಕೆ ಸರಪಳಿ ಪದವಿ: ಮೊದಲ ವರ್ಷ ಏನು ಓದಬೇಕು?

ಶಿರಸಿ ಸಮೀಪದ ಹಳ್ಳಿಯ ಓದುಗರೊಬ್ಬರ ಪತ್ರದ ಸಾರಾಂಶ ಇಷ್ಟು: ‘ಮಗಳು ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ ಓದಿ, ಈಗ ಪೂರೈಕೆ ಸರಪಳಿ ನಿರ್ವಹಣೆಯಲ್ಲಿ (ಸಪ್ಲೈ ಚೈನ್, ಅಂದರೆ ಸರಕನ್ನು ಖರೀದಿಯಿಂದ ಬಳಸುವವರ ತನಕ ತಲುಪಿಸುವ ಕೆಲಸ) ಬಿ.ಬಿ.ಎ. ಸೇರುತ್ತಿದ್ದಾಳೆ. ಗಣಿತವೆಂದರೆ ಅವಳಿಗೆ ಹೆದರಿಕೆ. ಗೋದಾಮು, ಸಾಗಣೆ, ಆಮದು-ರಫ್ತು ಎಂಬ ಹೆಸರಿನ ವಿಷಯಗಳನ್ನು ಮೊದಲೇ ಓದಿಕೊಂಡು ಸಂಖ್ಯಾಶಾಸ್ತ್ರವನ್ನು ಆದಷ್ಟು ಮುಂದೆ ಹಾಕುತ್ತೇನೆ ಎನ್ನುತ್ತಾಳೆ. ಇದು ಸರಿಯೇ? ಕಾರವಾರ ಬಂದರನ್ನು ನಂಬಿ ಈ ಓದಿಗೆ ಕಳಿಸಬಹುದೇ?’

ಮಾನ್ಯರೇ,

ತಮ್ಮ ಮಗಳು ಹಾಕಿಕೊಂಡಿರುವ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮುಂದೆ ಹಾಕಬೇಕೆಂದಿರುವ ಸಂಖ್ಯಾಶಾಸ್ತ್ರವೇ ಮೊದಲ ಸೆಮಿಸ್ಟರಿಗೆ ಬರಬೇಕು; ಪದವಿಯ ಹೆಸರನ್ನು ಹೊತ್ತ ವಿಷಯಗಳು ಮೂರನೆಯ ಸೆಮಿಸ್ಟರು ಮುಗಿಯುವ ತನಕ ಕಾದರೂ ನಷ್ಟವಿಲ್ಲ.

ಕಾರಣವನ್ನು ಒಂದು ಕಲ್ಪಿತ ಲೆಕ್ಕದ ಮೂಲಕ ಹೇಳುತ್ತೇನೆ. ಕುಮಟಾದ ಅಂಗಡಿಯೊಂದರಲ್ಲಿ ವರ್ಷಕ್ಕೆ 1,800 ಚೀಲ ಅಕ್ಕಿ ಖರ್ಚಾಗುತ್ತದೆ, ಪ್ರತಿ ಸಲ ತರಿಸುವಾಗ ಬಾಡಿಗೆ, ಹಮಾಲಿ, ಕಾಗದಪತ್ರವೆಂದು 400 ರೂಪಾಯಿ ತಗಲುತ್ತದೆ, ಒಂದು ಚೀಲವನ್ನು ವರ್ಷವಿಡೀ ಇಟ್ಟುಕೊಂಡರೆ ಬಡ್ಡಿ, ಜಾಗ, ಹುಳುಹುಪ್ಪಟೆಯ ನಷ್ಟ ಸೇರಿ 36 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಒಮ್ಮೆಗೆ ಎಷ್ಟು ಚೀಲ ತರಿಸಬೇಕು? ಇದಕ್ಕೆ 1913ರಲ್ಲಿ ಅಮೆರಿಕದ ಫೋರ್ಡ್ ಡಬ್ಲ್ಯು. ಹ್ಯಾರಿಸ್ ಎಂಬವರು ಕೊಟ್ಟ ಸೂತ್ರ ಇಂದಿಗೂ ಪಾಠದಲ್ಲಿದೆ: ವರ್ಷದ ಬೇಡಿಕೆಯನ್ನು ಒಂದು ಸಲ ತರಿಸುವ ಖರ್ಚಿನಿಂದ ಗುಣಿಸಿ, ಇಮ್ಮಡಿಗೊಳಿಸಿ, ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಉತ್ತರ 200 ಚೀಲ, ಅಂದರೆ ವರ್ಷಕ್ಕೆ ಒಂಬತ್ತು ಸಲ. ತರಿಸುವ ಖರ್ಚು 3,600, ಇಟ್ಟುಕೊಳ್ಳುವ ಖರ್ಚೂ 3,600, ಒಟ್ಟು 7,200 ರೂಪಾಯಿ. ಬಾಡಿಗೆ ಉಳಿಯಿತೆಂದು ಒಮ್ಮೆಗೇ 600 ಚೀಲ ಇಳಿಸಿಕೊಂಡರೆ ಅದೇ ಖರ್ಚು 12,000ಕ್ಕೆ ಏರುತ್ತದೆ.

ಸೂತ್ರವನ್ನು ಬಾಯಿಪಾಠ ಮಾಡುವುದು ಅರ್ಧ ಗಂಟೆಯ ಕೆಲಸ. ಆದರೆ ಆ 36 ರೂಪಾಯಿ ಎಲ್ಲಿಂದ ಬಂತೆಂಬುದನ್ನು ಪರಿವ್ಯಯ ಲೆಕ್ಕಶಾಸ್ತ್ರ (ಕಾಸ್ಟ್ ಅಕೌಂಟಿಂಗ್) ಹೇಳಬೇಕು. 1,800 ಚೀಲವೆಂಬ ಅಂದಾಜನ್ನು ಎಷ್ಟು ನಂಬಬಹುದೆಂಬುದನ್ನು ಸಂಖ್ಯಾಶಾಸ್ತ್ರ ಹೇಳಬೇಕು. ಇವೆರಡನ್ನೂ ಓದದೆ ದಾಸ್ತಾನು ನಿರ್ವಹಣೆಯ ತರಗತಿಯಲ್ಲಿ ಕುಳಿತವರಿಗೆ ಅಂಕ ಬಂದೀತು, ಅಂಗಡಿಯವನ ಪ್ರಶ್ನೆಗೆ ಉತ್ತರ ಬಾರದು.

ಇನ್ನು ಈ ಸೂತ್ರವು ಬೇಡಿಕೆ ಏರಿಳಿಯುವುದಿಲ್ಲ, ಲಾರಿ ಹೇಳಿದ ದಿನಕ್ಕೇ ಬರುತ್ತದೆ ಎಂದು ಭಾವಿಸುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲ ಬಲ್ಲವರಾರೂ ಹಾಗೆ ಭಾವಿಸಲಾರರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿಹೋಯಿತು. ಅಲ್ಲಿ ಹೋದ ಜೀವಗಳ ಮುಂದೆ ಸರಕಿನ ಮಾತು ಸಣ್ಣದು, ನಿಜ. ಆದರೂ ಔಷಧ ಮತ್ತು ದಿನಸಿಯನ್ನು ಎಷ್ಟು ದಿನಕ್ಕಾಗುವಷ್ಟು ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಅಂಥ ದಿನಗಳಲ್ಲಿಯೇ ಏಳುತ್ತದೆ. ಸೇಫ್ಟಿ ಸ್ಟಾಕ್ ಎನ್ನುವ ಆ ದಾಸ್ತಾನಿನ ಲೆಕ್ಕಕ್ಕೆ ಸರಾಸರಿ ಸಾಲದು, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆ ಬೇಕು. ಹೆದ್ದಾರಿಯೇ ಮುಚ್ಚುವಂಥ ಅಪರೂಪದ ಅಪಘಾತಕ್ಕೆ ಅದೂ ಸಾಲದು ಎಂದು ತಿಳಿಯುವುದಕ್ಕೂ ಮೊದಲು ಅದನ್ನು ಕಲಿತಿರಬೇಕು.

ಅರ್ಥಶಾಸ್ತ್ರ ಮತ್ತು ಲೆಕ್ಕಶಾಸ್ತ್ರ ತಮ್ಮ ಮಗಳ ಕೈಯಲ್ಲಿ ಈಗಾಗಲೇ ಇವೆ. ಅದು ಸಣ್ಣ ಬಂಡವಾಳವಲ್ಲ. ಆದ್ದರಿಂದ ಮೊದಲ ಎರಡು ಸೆಮಿಸ್ಟರುಗಳ ಹೆಚ್ಚಿನ ಹೊತ್ತನ್ನು ವ್ಯವಹಾರ ಗಣಿತ, ಸಂಖ್ಯಾಶಾಸ್ತ್ರ ಮತ್ತು ಎಕ್ಸೆಲ್‌ಗೆ ಕೊಡಲಿ. ಹತ್ತನೆಯ ತರಗತಿಯ ಬೀಜಗಣಿತವನ್ನು ಕಾಲೇಜು ತೆರೆಯುವ ಮೊದಲೇ ತಿರುವಿಹಾಕಿದರೆ ಹೆದರಿಕೆ ಅರ್ಧ ಇಳಿದೀತು. ಮೂರನೆಯ ಸೆಮಿಸ್ಟರಿನಲ್ಲಿ ಪರಿವ್ಯಯ ಲೆಕ್ಕಶಾಸ್ತ್ರ ಮತ್ತು ಉತ್ಪಾದನಾ ನಿರ್ವಹಣೆ ಬರಲಿ. ಖರೀದಿ, ಗೋದಾಮು, ಆಮದು-ರಫ್ತು ಅದರ ನಂತರ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ತಪ್ಪಿದ್ದನ್ನು ನಾಲ್ಕನೆಯ ವರ್ಷದಲ್ಲಿ ಸರಿಪಡಿಸಿಕೊಳ್ಳೋಣವೆಂಬ ಸಡಿಲಿಕೆ ಈಗಿಲ್ಲ. ಆರೂ ಸೆಮಿಸ್ಟರುಗಳ ಪಠ್ಯಕ್ರಮವನ್ನು ಮೊದಲೇ ಕೇಳಿ ಪಡೆದು, ಕೊನೆಯ ವರ್ಷದ ವಿಷಯಗಳಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಯಾವುದು ಕಡ್ಡಾಯ, ಯಾವುದು ಆಯ್ಕೆ ಎಂಬುದನ್ನು ಕಾಲೇಜು ತೀರ್ಮಾನಿಸಿರುತ್ತದೆ. ನಿಜವಾದ ಆಯ್ಕೆ ಉಳಿಯುವುದು ಒಂದೆರಡು ಕಡೆ ಮಾತ್ರ. ಕಾಲೇಜಿನಲ್ಲಿ ಇಲ್ಲದ್ದನ್ನು ಐಐಟಿ ಮುಂತಾದ ಸಂಸ್ಥೆಗಳ ಆನ್‌ಲೈನ್ ಪಾಠದ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಕಲಿಯಬಹುದು. ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವಿದೆ. ಆ ಅಂಕಗಳು ಪದವಿಗೆ ಸೇರುತ್ತವೆಯೇ ಎಂಬುದನ್ನು ಮಾತ್ರ ಹೆಸರು ನೋಂದಾಯಿಸುವ ಮೊದಲೇ ಕಾಲೇಜಿನಲ್ಲಿ ವಿಚಾರಿಸಿ.

ಬಂದರಿನ ವಿಷಯ. ಕಾರವಾರವನ್ನೊಂದನ್ನೇ ನಂಬಿ ಕಳಿಸಬೇಡಿ. ಅದಿರಿನ ಲಾರಿಗಳ ಸಾಲನ್ನು ಕಂಡ ನಾವೇ, 2010ರಲ್ಲಿ ರಾಜ್ಯ ಸರ್ಕಾರ ಇಲ್ಲಿನ ಬಂದರುಗಳಿಂದ ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿದಾಗ ಆ ಸಾಲು ಕರಗಿದ್ದನ್ನೂ ಕಂಡೆವು. ಒಂದೇ ಸರಕು, ಒಂದೇ ಬಂದರಿಗೆ ತಕ್ಕ ಓದು ಹೀಗೆಯೇ ಒಂದು ಆದೇಶಕ್ಕೆ ಸಿಕ್ಕಿಬೀಳುತ್ತದೆ. ಲೆಕ್ಕ ಬಲ್ಲವಳಿಗೆ ಅದಿರು ಹೋದರೆ ಔಷಧ, ಔಷಧ ಹೋದರೆ ಅಡಿಕೆ.

ಅಡಿಕೆಯ ಮಾತು ಬಂದಿತಾದ್ದರಿಂದ ಇನ್ನೊಂದು ಸಲಹೆ. ಮೊದಲ ವರ್ಷದ ರಜೆಯಲ್ಲಿ, ಶಿರಸಿಯ ಸಹಕಾರಿ ಸಂಘವೊಂದರ ವ್ಯಾಪಾರಿ ಅಂಗಳದಲ್ಲಿ ಅನುಮತಿ ಪಡೆದು ನಾಲ್ಕು ದಿನ ನಿಂತು ನೋಡಲಿ. ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳು ಬೇರೆಯಾಗುವುದು, ಟೆಂಡರ್, ತೂಕ, ಹೊರರಾಜ್ಯಕ್ಕೆ ಹೋಗುವ ಐವತ್ತು ಸಾವಿರ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಎಂಬ ಜಿಎಸ್‌ಟಿ ಸಾಗಣೆ ಪತ್ರ — ಪ್ರತಿಯೊಂದಕ್ಕೂ ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಲಿ. ಎಕ್ಸೆಲ್ ಕಲಿಯುವುದಕ್ಕೆ ಪುಸ್ತಕದ ಲೆಕ್ಕಕ್ಕಿಂತ ಆ ಅಂಕಿಗಳು ಮೇಲು. ಟೆಂಡರ್ ನಡೆಯುವ ದಿನವನ್ನು ಮೊದಲೇ ಕೇಳಿಕೊಂಡು ಹೋಗಲಿ, ಹಮಾಲರ ದಾರಿಗೆ ಅಡ್ಡವಾಗಿ ಮಾತ್ರ ನಿಲ್ಲದಿರಲಿ.

— ಸಂಪಾದಕ