ಗುಳ್ಳ, ಬಿಟಿ ಬದನೆ ಮತ್ತು ತೊಂಬತ್ತು ದಿನದ ಲೆಕ್ಕ

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ. ಗದ್ದೆಯಲ್ಲಿ ಗುಳ್ಳ ಬದನೆ ಬೆಳೆಯುತ್ತೇವೆ. ಮಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಬಿಟಿ ಬದನೆಯ ಸುದ್ದಿ ಬಂದರೆ ಸಾಕು, ಇಬ್ಬರಿಗೂ ಜಗಳ. "ಅಪ್ಪ, ಸುರಕ್ಷಿತ ಅಂತ ವಿಜ್ಞಾನ ಹೇಳಿ ಆಗಿದೆ. ನೀವು ಹೇಳೋದು ಭಾವನೆ. ಎರಡನ್ನೂ ಬೆರೆಸಬೇಡಿ" ಎನ್ನುತ್ತಾನೆ. ಅವೆರಡನ್ನು ಬೇರೆ ಮಾಡಲು ನಿಜಕ್ಕೂ ಆಗುತ್ತದೆಯೇ?
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಇನ್ನರ್ಧಕ್ಕೆ ಸ್ವಲ್ಪ ಹಳೆಯ ಕಥೆ ಬೇಕು.

ಬದನೆಗೆ ದೊಡ್ಡ ಕಾಟ ಚಿಗುರು ಮತ್ತು ಕಾಯಿ ಕೊರೆಯುವ ಹುಳದ್ದು. ಒಮ್ಮೆ ಕಾಯಿಯೊಳಗೆ ಸೇರಿತೆಂದರೆ ಹೊರಗಿನಿಂದ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಅದಕ್ಕೇ ರೈತರು ಒಂದೇ ಬೆಳೆಗೆ ಹತ್ತಾರು ಸಲ ಸಿಂಪಡಿಸುತ್ತಾರೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಗಿಡಕ್ಕೆ ಸೇರಿಸಿದರೆ, ಈ ಹುಳಕ್ಕೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುತ್ತದೆ. ಇದೇ ಬಿಟಿ ಬದನೆ. ಮಹಿಕೋ ಎಂಬ ಬೀಜದ ಕಂಪನಿ ಇದನ್ನು ಮಾಡಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದೇ ಜೀನನ್ನು ಮಲಾಪುರ, ಕುಡಚಿ, ರಬಕವಿ ಕಡೆಯ ತಳಿಗಳಿಗೆ ತಂದಿತು. ಆ ಪಟ್ಟಿಯಲ್ಲಿ ನಿಮ್ಮ ಉಡುಪಿ ಗುಳ್ಳವೂ ಇತ್ತು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಕ್ಷಣ ಹೂಂ ಎನ್ನಲಿಲ್ಲ. ಏಳು ನಗರಗಳಲ್ಲಿ ಸಭೆ ಕರೆದರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ಕಂಪನಿಯವರು, ಗ್ರಾಹಕರು ಎಲ್ಲರೂ ಸೇರಿದ ಗಲಾಟೆಯ ಸಭೆಗಳು ಅವು. ಮೂರು ದಿನ ಕಳೆದು ಸಚಿವರು ತಡೆ ಹಾಕಿದರು. ಸ್ವತಂತ್ರ ಅಧ್ಯಯನಗಳಿಂದ ಜನರಿಗೂ ತಜ್ಞರಿಗೂ ಸಮಾಧಾನ ಆಗುವ ತನಕ ಬೇಡ ಎಂದರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅಷ್ಟರಲ್ಲೇ ಬೇಡ ಎಂದಿದ್ದವು. "ವಿಜ್ಞಾನವನ್ನು ರಾಜಕೀಯ ಸೋಲಿಸಿತು" ಎಂದು ಆಗ ತುಂಬಾ ಜನ ಬೇಸರಪಟ್ಟರು. ನಿಮ್ಮ ಮಗನ ಮಾತೂ ಅದೇ ದನಿಯದ್ದು.

ಈಗ ಆ ಪರೀಕ್ಷೆಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಇಲಿಗಳಿಗೆ 90 ದಿನ ಬಿಟಿ ಬದನೆ ತಿನ್ನಿಸಿ ನೋಡಿದ್ದರು. ಇಲಿಯ ತೂಕ ಎಷ್ಟು, ರಕ್ತದಲ್ಲಿ ಏನು ಬದಲಾಯಿತು, ಯಕೃತ್ತು ಹೇಗಿದೆ? ಇದನ್ನು ನೀವು ಅಳೆದರೂ ಒಂದೇ, ನಾನು ಅಳೆದರೂ ಒಂದೇ. ಇಲ್ಲಿ ನಿಮ್ಮ ಮಗ ನೂರಕ್ಕೆ ನೂರು ಸರಿ. ಆದರೆ 90 ದಿನ ಸಾಕು ಅಂತ ಹೇಳಿದ್ದು ಯಾವ ಇಲಿ? ಎರಡು ವರ್ಷ ಬೇಕು ಎಂದು ಕೇಳಿದವರೂ ಇದ್ದರು. ಪರೀಕ್ಷೆಯನ್ನು ಕಂಪನಿಯೇ ಮಾಡಿಸಿದರೆ ಸಾಕೇ, ಹೊರಗಿನವರು ಮಾಡಬೇಕೇ ಎಂದು ಕೇಳಿದವರೂ ಇದ್ದರು. 90 ದಿನ ಎನ್ನುವುದು ಹಲವು ದೇಶಗಳು ಒಪ್ಪಿದ ಪದ್ಧತಿ, ನಿಜ. ಪದ್ಧತಿ ಎಂದರೆ ಕೆಲವರು ಕೂತು ಒಪ್ಪಿಕೊಂಡದ್ದು. ಖರ್ಚು, ಸಮಯ, ತಪ್ಪಾದರೆ ಆಗುವ ನಷ್ಟ ಎಲ್ಲವನ್ನೂ ತೂಗಿ 'ಇಷ್ಟು ಸಾಕು' ಎಂದದ್ದು. ಆ 'ಸಾಕು' ಇಲಿಯ ರಕ್ತದಲ್ಲಿ ಸಿಗುವುದಿಲ್ಲ.

ನಿಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಸಮುದ್ರ ಎದ್ದೇಳುವ ಸಾಧ್ಯತೆ ನೂರಕ್ಕೆ ಮೂವತ್ತು ಎಂದು ಹವಾಮಾನದವರು ಲೆಕ್ಕ ಹಾಕಿದರು ಅಂದುಕೊಳ್ಳಿ. ಮಲ್ಪೆಯ ದೋಣಿಗಳನ್ನು ತಡೆಯಬೇಕೇ? ತಡೆದು ಗಾಳಿ ಬರದಿದ್ದರೆ ಒಂದು ದಿನದ ಮೀನು ಹೋಯಿತು. ಬಿಟ್ಟು ಗಾಳಿ ಬಂದರೆ ಜೀವವೇ ಹೋಯಿತು. ಮೂವತ್ತು ಎನ್ನುವುದು ವಿಜ್ಞಾನ. ಮೂವತ್ತಕ್ಕೇ ಅಪಾಯದ ಬಾವುಟ ಏರಿಸೋಣ ಎನ್ನುವುದು ಜೀವಕ್ಕೂ ಮೀನಿಗೂ ನಾವು ಕೊಡುವ ಬೆಲೆ. ಅಮೆರಿಕದ ತತ್ವಶಾಸ್ತ್ರಜ್ಞ ರಿಚರ್ಡ್ ರಡ್ನರ್ 1953ರಲ್ಲೇ ಇದನ್ನು ಬರೆದಿದ್ದರು. ಯಾವ ಊಹೆಯೂ ಪೂರ್ತಿ ಸಾಬೀತಾಗುವುದಿಲ್ಲ, ಹಾಗಾಗಿ ಎಷ್ಟು ಪುರಾವೆ ಸಾಕು ಎಂಬುದು ತಪ್ಪಾದರೆ ಏನಾಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ ಎಂಬುದು ಅವರ ವಾದ. ಅದನ್ನು ಒಪ್ಪದ ತತ್ವಶಾಸ್ತ್ರಜ್ಞರೂ ಇದ್ದಾರೆ. ನನಗಂತೂ ಅದು ಸರಿ ಅನ್ನಿಸುತ್ತದೆ.

ಇಷ್ಟು ಹೇಳಿ ನಿಮ್ಮ ಕಡೆಗೇ ತಿರುಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಿಟಿ ಬದನೆ ತಿಂದರೆ ಮಕ್ಕಳಾಗುವುದಿಲ್ಲ, ಹಾಗಾಗುತ್ತದೆ, ಹೀಗಾಗುತ್ತದೆ ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಅದಕ್ಕೆ ಪುರಾವೆ ಇಲ್ಲ. ಈ ಪ್ರೋಟೀನ್ ಕೆಲಸ ಮಾಡುವುದು ಹುಳದ ಕ್ಷಾರೀಯ ಕರುಳಿನಲ್ಲಿ. ಅಲ್ಲಿ ಅದು ಅಂಟಿಕೊಳ್ಳುವ ಜಾಗಗಳು ನಮ್ಮ ಕರುಳಿನಲ್ಲಿಲ್ಲ. ಹೀಗೆ ಹೆದರಿಸುವವರಲ್ಲಿ ಹಲವರ ನಿಜವಾದ ಸಿಟ್ಟು ಬೇರೆ. ಬೀಜ ಕಂಪನಿಯ ಕೈಗೆ ಹೋಗುತ್ತದೆ ಎಂಬ ಸಿಟ್ಟು. ಮಟ್ಟು ಊರಿನ ಗುಳ್ಳ ಯತಿ ವಾದಿರಾಜರು ಕೊಟ್ಟ ಬೀಜ, ಕೃಷ್ಣನಿಗೆ ಸಲ್ಲುವ ಕಾಯಿ, ಅದನ್ನು ಮುಟ್ಟಬೇಡಿ ಎಂಬ ಸಿಟ್ಟು. ಇವೆಲ್ಲ ಮರ್ಯಾದಸ್ಥ ವಾದಗಳೇ. ನೇರವಾಗಿ ಹೇಳಬಹುದಲ್ವಾ? ಸುಮ್ನೆ ಅವಕ್ಕೆ ಲ್ಯಾಬಿನ ಕೋಟು ಹಾಕಿದರೆ, ನಿಮ್ಮ ಮಗನಂಥವರು ಕೋಟು ಬಿಚ್ಚಿ ನಕ್ಕುಬಿಡುತ್ತಾರೆ. ಒಳಗಿದ್ದ ಒಳ್ಳೆಯ ವಾದವೂ ಅದರ ಜೊತೆಗೇ ಹೋಗುತ್ತದೆ. ಆ ಕಡೆಯವರೂ ಕಡಿಮೆಯೇನಿಲ್ಲ. 'ಇದು ಬರಲಿ' ಎಂಬ ತಮ್ಮ ಆಸೆಯನ್ನು 'ವಿಜ್ಞಾನ ಹೇಳಿದೆ' ಎಂದು ದಾಟಿಸುತ್ತಾರೆ.

ಬಾಂಗ್ಲಾದೇಶ ನೋಡಿ. 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು, 2014ರ ಆರಂಭದಲ್ಲಿ 20 ರೈತರಿಗೆ ಸಸಿ ಹಂಚಿತು. ಕೀಟನಾಶಕದ ಬಳಕೆ ಇಳಿಯಿತು, ಇಳುವರಿ ಏರಿತು ಎಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಔಷಧಿ ಹೊಡೆಯುವವನ ಶ್ವಾಸಕೋಶವನ್ನೂ ಲೆಕ್ಕಕ್ಕೆ ತಂದರೆ ನಮ್ಮ ತಡೆಗೂ ಒಂದು ಬೆಲೆ ಇದೆ. ಇದನ್ನು ತಡೆಯ ಪರ ಇರುವವರು ಜಾಸ್ತಿ ಹೇಳುವುದಿಲ್ಲ. ಇನ್ನೊಂದು ವಿಷಯ: ಅಲ್ಲಿ ತಳಿ ಕೊಟ್ಟದ್ದು ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ. ರೈತ ಬೀಜ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು. ಧಾರವಾಡದ ತಳಿಗಳನ್ನೂ ಹಾಗೇ ಕೊಡುವ ಯೋಚನೆಯಿತ್ತು. ಕಂಪನಿಯ ಹೈಬ್ರಿಡ್ ಆದರೆ ಪ್ರತಿ ವರ್ಷ ಕೊಳ್ಳಬೇಕು. ಜೀನು ಅದೇ, ಹುಳವೂ ಅದೇ. ಬೀಜ ಯಾರ ಕಣಜದಲ್ಲಿರಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬೇರೆ ಬೇರೆ. ಯಾವ ಸೂಕ್ಷ್ಮದರ್ಶಕವೂ ಇದನ್ನು ತೋರಿಸುವುದಿಲ್ಲ.

ಮುಂದಿನ ಸಲ ಮಗ ಊರಿಗೆ ಬಂದಾಗ, ಊಟಕ್ಕೆ ಗುಳ್ಳದ ಹುಳಿ ಮಾಡಿಸಿ, ಎರಡೇ ಪ್ರಶ್ನೆ ಕೇಳಿ. ನೀನು ಹೇಳುವುದರಲ್ಲಿ ಅಳೆದದ್ದು ಯಾವುದು, ಆರಿಸಿಕೊಂಡದ್ದು ಯಾವುದು? ಅವನೂ ನಿಮಗೆ ಅದನ್ನೇ ಕೇಳಲಿ.

ಪ್ರಶ್ನೆ: ಎಲ್ಲದರಲ್ಲೂ ಮೌಲ್ಯ ಬೆರೆತಿದ್ದರೆ ವಿಜ್ಞಾನವೂ ಒಂದು ಅಭಿಪ್ರಾಯ ಅಷ್ಟೇನಾ?
— ಕೃಷಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. ಯಾವ ಪ್ರಶ್ನೆ ಕೇಳಬೇಕು, ಎಷ್ಟು ಪುರಾವೆ ಸಾಕು ಎನ್ನುವಲ್ಲಿ ಮೌಲ್ಯಕ್ಕೆ ಜಾಗ ಇದೆ. ಬಂದ ಉತ್ತರವನ್ನು ತಿದ್ದುವಲ್ಲಿ ಇಲ್ಲ. ಸೋವಿಯತ್ ಒಕ್ಕೂಟದಲ್ಲಿ ಕೃಷಿ ವಿಜ್ಞಾನಿ ಲೈಸೆಂಕೊ ಗುಂಪು ತಮ್ಮ ಸಿದ್ಧಾಂತಕ್ಕೆ ಹೊಂದದ ತಳಿಶಾಸ್ತ್ರವನ್ನೇ 1948ರಲ್ಲಿ ಮೂಲೆಗೆ ತಳ್ಳಿತು. ಆ ಗುಂಪನ್ನು ಎದುರಿಸಿದ್ದ, ಜಗತ್ತೆಲ್ಲ ಸುತ್ತಿ ಬೀಜ ಸಂಗ್ರಹಿಸಿದ್ದ ಸಸ್ಯವಿಜ್ಞಾನಿ ವಾವಿಲೋವ್ ಅದಕ್ಕೂ ಐದು ವರ್ಷ ಮೊದಲೇ ಸರಾಟೊವ್ ಜೈಲಿನಲ್ಲಿ ಸತ್ತಿದ್ದರು. ಅಷ್ಟೆಲ್ಲ ಆದರೂ ಗೋಧಿ ಲೈಸೆಂಕೊ ಹೇಳಿದ ಹಾಗೆ ಬೆಳೆಯಲಿಲ್ಲ.