ಹಸಿ ಹಲಸಿನ ದಿಮ್ಮಿ ಸೀಳುತ್ತಿದ್ದರೆ

ಕಡಿದ ನಾಲ್ಕೇ ದಿನಕ್ಕೆ ಹಲಸಿನ ದಿಮ್ಮಿ ಸೀಳಿದೆ ಎಂದರೆ ಕಾರಣ ಬಹುಶಃ ತುದಿಗಳೇ. ಪಕ್ಕಗಳಿಗಿಂತ ಅಲ್ಲಿ ನೀರು ತುಂಬಾ ಬೇಗ ಆರುತ್ತದೆ. ಮೊದಲು ಬಿರುಕಿರುವಷ್ಟು ತುದಿ ಕತ್ತರಿಸಿ. ಆಮೇಲೆ ನಡುವಿನ ತಿರುಳಿನ ಮೂಲಕ ಉದ್ದಕ್ಕೆ ಎರಡು ಹೋಳು ಮಾಡಿ; ತಿರುಳು ಒಳಗೇ ಉಳಿದರೆ ಏನು ಬಳಿದರೂ ಸೀಳುವುದು ಜಾಸ್ತಿ. ಅದೇ ದಿನ ತುದಿಗಳಿಗೆ ಕರಗಿಸಿದ ಮೇಣ ದಪ್ಪಗೆ ಬಳಿಯಿರಿ. ಮೇಣ ಇಲ್ಲದಿದ್ದರೆ ಹಳೇ ಪೇಂಟ್, ಎರಡು ಮೂರು ಕೋಟ್.

ಬಟ್ಟಲು ಮಾಡುವುದಾದರೆ ಸುಮ್ನೆ ಒಣಗಲು ಕಾಯಬೇಡಿ. ಹಸಿಯಲ್ಲೇ ಲೇತ್‌ನಲ್ಲಿ (ಮರ ತಿರುಗಿಸಿ ಕಡೆಯುವ ಯಂತ್ರ) ಒರಟಾಗಿ ಕಡೆಯಿರಿ. 10 ಇಂಚಿನ ಬಟ್ಟಲಿಗೆ ಗೋಡೆ 1 ಇಂಚು, ಎಲ್ಲ ಕಡೆ ಒಂದೇ ದಪ್ಪ. ಕಾಗದದ ಚೀಲದಲ್ಲಿ ಹಾಕಿ ನೆರಳಲ್ಲಿಡಿ, ಫ್ಯಾನ್ ಗಾಳಿ ಬೇಡ. ಎಷ್ಟು ತಿಂಗಳು ಎಂದು ಖಚಿತವಾಗಿ ಹೇಳಲಾಗದು, ಮಳೆಗಾಲದಲ್ಲಿ ತಡವೇ. ವಾರಕ್ಕೊಮ್ಮೆ ತೂಕ ಬರೆದಿಡಿ. ಸತತ ಮೂರು ವಾರ ಇಳಿಯದಿದ್ದರೆ ಮತ್ತೆ ಲೇತ್‌ಗೆ ಹಾಕಿ.