ಓದುಗರ ಪ್ರಶ್ನೆ: ಅಂಗವಿಕಲ ವೇತನದ ಅರ್ಜಿ ಎಡವುವುದೆಲ್ಲಿ?

ಪ್ರಶ್ನೆ: ಪೋಲಿಯೊ ಬಂದು ನನ್ನ ತಮ್ಮನ ಬಲಗಾಲಿಗೆ ಸ್ವಾಧೀನವಿಲ್ಲ. ಹದಿನೈದು ವರ್ಷ ಹಳೆಯ ಕಾಗದದ ಸರ್ಟಿಫಿಕೇಟಿನಲ್ಲಿ ಶೇ. 60 ಎಂದಿದೆ. ಅದನ್ನೇ ಹಿಡಿದು ನಾಡಕಚೇರಿಗೆ ಹೋಗಬಹುದೆ? (ಹಿರಿಯೂರು ತಾಲ್ಲೂಕಿನ ಓದುಗರು)

ಉತ್ತರ: ಹೋದರೆ ವಾಪಸ್ ಕಳಿಸುತ್ತಾರೆ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಆಗಬೇಕು. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರ ಕೊಡುವುದೇ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ ಮೂಲಕ. ಅದರಲ್ಲಿ ಅರ್ಜಿ ಹಾಕುವಾಗ ಆಧಾರ್, ಫೋಟೊ, ವಿಳಾಸದ ದಾಖಲೆಯ ಜೊತೆ ಹಳೆಯ ಸರ್ಟಿಫಿಕೇಟನ್ನೂ ಸೇರಿಸಿ. ವೈದ್ಯಕೀಯ ಬೋರ್ಡ್ ಮತ್ತೆ ಪರೀಕ್ಷೆಗೆ ಕರೆಯಬಹುದು, ಶೇಕಡಾವಾರು ಬದಲಾಗಲೂಬಹುದು. ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇರಲಿ. ಒಂದು ಇನಿಷಿಯಲ್ ಆಚೀಚೆಯಾದರೂ ಮುಂದೆ ವೇತನದ (ಪಿಂಚಣಿಯ) ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾರ್ಡ್ ಬಂದ ಮೇಲೆ ಅದರೊಂದಿಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಹೋಗಿ. ಹೆಚ್ಚು ಅರ್ಜಿಗಳು ಬೀಳುವುದು ಆದಾಯದ ಕಾಗದದಲ್ಲಿ. ಈ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ಬಿಪಿಎಲ್ ಕಾರ್ಡಿನ ಮಿತಿ 1.20 ಲಕ್ಷ. ಹಾಗಾಗಿ ‘ಬಿಪಿಎಲ್ ಇದೆಯಲ್ಲ’ ಎಂದರೆ ಸಾಲದು. ಮಕ್ಕಳ ಸ್ಕಾಲರ್‌ಶಿಪ್ಪಿಗೆಂದು ಹಿಂದೆ 60 ಸಾವಿರ, 80 ಸಾವಿರ ಬರೆಸಿಕೊಂಡ ಪ್ರಮಾಣಪತ್ರವಿದ್ದರೆ ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು (ಪ್ರಮಾಣಪತ್ರದ ಕ್ರಮಸಂಖ್ಯೆ) ಹಾಕಿದೊಡನೆ ಆ ಮೊತ್ತವೇ ಪರದೆಯ ಮೇಲೆ ಬರುತ್ತದೆ. ನಿಜವಾದ ಆದಾಯ ಮಿತಿಯೊಳಗಿದ್ದರೆ ಗ್ರಾಮ ಆಡಳಿತಾಧಿಕಾರಿಯ ವರದಿಯೊಂದಿಗೆ ಹೊಸ ಪ್ರಮಾಣಪತ್ರ ಮಾಡಿಸಿ, ಆಮೇಲೆ ಪಿಂಚಣಿಗೆ ಹಾಕಿ.

ಮೊತ್ತದ ಬಗ್ಗೆ ಒಂದು ಗೊಂದಲವಿದೆ. ಶೇ. 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಿದ್ದರೆ 1,400. ಯುಡಿಐಡಿ ಕಾರ್ಡಿನ ಬಣ್ಣದ ಲೆಕ್ಕವೇ ಬೇರೆ: 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಶೇ. 77 ಇರುವವರ ಕೈಯಲ್ಲಿ ಹಳದಿ ಕಾರ್ಡೇ ಇರುತ್ತದೆ, ಆದರೆ ಸಿಗಬೇಕಾದದ್ದು 1,400. ಮಂಜೂರಾತಿ ಆದೇಶದಲ್ಲಿ ಇದನ್ನು ನೋಡಿಕೊಳ್ಳಿ.

ಏಜೆಂಟರಿಗೆ ದುಡ್ಡು ಕೊಡಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇರುವುದೇ ಇಂಥ ಕೆಲಸಕ್ಕೆ.

ಪ್ರಶ್ನೆ: ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಚೆನ್ನಾಗಿದೆ. ಬೋರ್ಡಿನವರು ಶೇ. 30 ಎಂದು ಬರೆದಿದ್ದಾರೆ. ಅನ್ಯಾಯವಲ್ಲವೆ?

ಉತ್ತರ: ಬೋರ್ಡಿನ ತಪ್ಪಲ್ಲ. ಕೇಂದ್ರದ ಮಾರ್ಗಸೂಚಿಯಲ್ಲೇ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಶೇ. 30 ಎಂದಿದೆ. ವೇತನಕ್ಕೆ 40 ಬೇಕು. ಉಳಿದ ಕಣ್ಣಿನ ದೃಷ್ಟಿಯೂ ಕುಂದಿದ್ದರೆ ಮರುಪರೀಕ್ಷೆ ಕೇಳಿ. ಪ್ರಮಾಣಪತ್ರದ ಮೇಲೆ ಮೇಲ್ಮನವಿಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 59ನೇ ಕಲಮಿನಲ್ಲಿ ಅವಕಾಶವಿದೆ.

ಪ್ರಶ್ನೆ: ಅಮ್ಮನಿಗೆ ಮಂಜೂರಾಗಿ ನಾಲ್ಕು ತಿಂಗಳಾದರೂ ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ. (ಸಿಂಧನೂರಿನ ಓದುಗರು)

ಉತ್ತರ: ಬ್ಯಾಂಕಿನವರು ಹೇಳುವ ‘ಲಿಂಕ್’ ಎರಡು ಬಗೆ. ಖಾತೆಗೆ ಆಧಾರ್ ಸಂಖ್ಯೆ ಬರೆದುಕೊಳ್ಳುವುದು ಕೆವೈಸಿ, ಅಂದರೆ ಗ್ರಾಹಕರ ಗುರುತಿನ ದಾಖಲೆ. ಸರ್ಕಾರದ ಹಣ ಇಳಿಯಬೇಕಾದರೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್ ಆ ಬ್ಯಾಂಕಿಗೆ ಜೋಡಣೆ, ಅಂದರೆ ಮ್ಯಾಪಿಂಗ್, ಆಗಿರಬೇಕು, ಅದು ಒಂದು ಆಧಾರಿಗೆ ಒಂದೇ ಬ್ಯಾಂಕಿನಲ್ಲಿರುತ್ತದೆ. ಆಮೇಲೆ ಬೇರೆಲ್ಲೋ ಖಾತೆ ತೆರೆಯುವಾಗ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದರೆ ಮ್ಯಾಪಿಂಗ್ ಅಲ್ಲಿಗೆ ಹೋಗಿರುತ್ತದೆ, ಹಣವೂ ಅಲ್ಲೇ ಜಮೆಯಾಗುತ್ತಿರುತ್ತದೆ. ಆದ್ದರಿಂದ ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ, ಮರೆತ ಪುಟ್ಟ ಖಾತೆಯನ್ನೂ ಬಿಡಬೇಡಿ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಸಂದಾಯದ ವಿವರಕ್ಕೆ ‘ಡಿಬಿಟಿ ಕರ್ನಾಟಕ’ ಆ್ಯಪ್ ಇದೆ. ಸೀಡಿಂಗ್ ಸ್ಥಿತಿ ನಿಷ್ಕ್ರಿಯ ಎಂದು ಬಂದರೆ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಅರ್ಜಿ’ ಎಂದೇ ಕೇಳಿ, ಸ್ವೀಕೃತಿ ಪಡೆಯಿರಿ. ಅದು ಸರಿಯಾದ ಮೇಲೆ ತಾಲ್ಲೂಕು ಕಚೇರಿಯ ಪಿಂಚಣಿ ವಿಭಾಗಕ್ಕೆ ತಿಳಿಸಿ, ತಪ್ಪಿಹೋದ ಕಂತುಗಳಿಗೆ ಲಿಖಿತ ಮನವಿ ಕೊಡಿ.

ಪ್ರಶ್ನೆ: ಬುದ್ಧಿಮಾಂದ್ಯ ಮಗಳಿಗೆ ಹದಿನೆಂಟು ತುಂಬುತ್ತಿದೆ. ಏನು ಮಾಡಿಸಬೇಕು?

ಉತ್ತರ: ಎರಡು ಕೆಲಸ. ಬುದ್ಧಿಮಾಂದ್ಯತೆಯ ಪ್ರಮಾಣಪತ್ರವನ್ನು 5, 10, 18ನೇ ವಯಸ್ಸಿನಲ್ಲಿ ನವೀಕರಿಸಬೇಕು. ಹದಿನೆಂಟರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಇನ್ನೊಂದು, ವಯಸ್ಕಳಾದ ಮೇಲೆ ಹೆತ್ತವರು ತಾನಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಕಾನೂನುಬದ್ಧ ಪಾಲಕತ್ವಕ್ಕೆ ಅರ್ಜಿ ಹಾಕಿ. ಆ ಆದೇಶವಿದ್ದರೆ ಅವಳ ಖಾತೆಯ ವ್ಯವಹಾರಕ್ಕೆ ಬ್ಯಾಂಕು ತಕರಾರು ತೆಗೆಯುವುದು ಕಡಿಮೆ.

ಪ್ರಶ್ನೆ: ಅರ್ಜಿ ಹಾಕಿ ಮೂರು ತಿಂಗಳು. ‘ಪರಿಶೀಲನೆಯಲ್ಲಿದೆ’ ಎನ್ನುವುದೊಂದೇ ಉತ್ತರ.

ಉತ್ತರ: ಸರ್ಕಾರಿ ಸೇವೆ ನಿಗದಿತ ದಿನದೊಳಗೆ ಸಿಗಬೇಕೆನ್ನುವ ರಾಜ್ಯದ ಕಾಯ್ದೆ ಸಕಾಲ; ಸ್ವೀಕೃತಿ ಚೀಟಿಯಲ್ಲಿ 15 ಅಂಕಿಯ ಸಕಾಲ ಸಂಖ್ಯೆ ಇರುತ್ತದೆ. ಅದಿಲ್ಲದೆ ಬಾಯಿಮಾತಲ್ಲಿ ಅರ್ಜಿ ಕೊಟ್ಟು ಬಂದಿದ್ದರೆ ಲೆಕ್ಕಕ್ಕಿಲ್ಲ. ಸಂಖ್ಯೆ ಇದ್ದು, ಚೀಟಿಯಲ್ಲಿ ನಮೂದಿಸಿದ ದಿನ ಮೀರಿದ್ದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ. ಸಕಾಲ ಕಾಯ್ದೆಯ ಪ್ರಕಾರ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರವಿದೆ. ದುಡ್ಡು ಚಿಲ್ಲರೆ, ಆದರೆ ಮೇಲ್ಮನವಿ ಬಂದರೆ ಕಡತ ಹುಡುಕಿ ಮೇಲಿನವರಿಗೆ ಉತ್ತರ ಬರೆಯಲೇಬೇಕಾಗುತ್ತದೆ.